ನಾಲ್ಕನೇ ಗೇರು

ಕಾರು ಕಲಿಸುವ ಮೇಡಂಗೆ ನಾಲ್ಕನೇ ಗೇರಿನ ಅಭ್ಯಾಸವಿರಲಿಲ್ಲ. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವಳು ಮೂರರ ಆಚೆ ಹೋದದ್ದೇ ಇಲ್ಲ. ಇದರ ಹಿಂದೆ ಅಪಘಾತ, ಸಾವು, ಅಂಥ ಕಥೆಯೇನೂ ಇರಲಿಲ್ಲ. ಮೈದಾನದಲ್ಲಿ ಕಲಿತಿದ್ದಳು, ಮೈದಾನದ ಸುತ್ತಲಿನ ಓಣಿಗಳಲ್ಲಿ ಕಲಿಸಿದಳು, ಅಷ್ಟೆ. ಕಾರಿನ ನೆತ್ತಿಯ ಮೇಲೆ ತಗಡಿನ ಬೋರ್ಡಿತ್ತು. ಅದರಲ್ಲಿ ಕೆಂಪು ‘ಎಲ್’, ಪಕ್ಕದಲ್ಲಿ ‘ನಿಧಾನವೇ ಪ್ರಧಾನ’.

ಆ ಡೀಸೆಲ್ ಕಾರು ಈಗ ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಂತಿತ್ತು. ಕೆಲವು ವಾರಗಳಿಂದ ಏರು ಬಂದರೆ ಕೆಮ್ಮುತ್ತಿತ್ತು, ಕರಿಹೊಗೆ ಉಗುಳುತ್ತಿತ್ತು, ಕಲಿಯುವವರು ಕ್ಲಚ್ ಸರಿಯಾಗಿ ಬಿಟ್ಟರೂ ಆಫ್ ಆಗುತ್ತಿತ್ತು. ಶೋರೂಮಿನವರು ಹೊಗೆಯ ವಾಲ್ವ್ ಹೋಗಿದೆ, ಹೊಸದೇ ಹಾಕಬೇಕು ಎಂದರು. ಅವರು ಹೇಳಿದ ರೇಟಿಗೆ ಅರ್ಧ ಕಾರು ಬರುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಲೆಕ್ಕ ನೋಡುವ ಅವಳ ತಮ್ಮ, ಮೂಗಿಗಿಂತ ಮೂಗುತಿ ಭಾರವಾಯ್ತು ಎಂದು ಅಂದೇ ಕಾರು ಕೊಳ್ಳಲು ಒಬ್ಬ ಗಿರಾಕಿಯನ್ನು ಹುಡುಕಿದ. ಗಿರಾಕಿ ಇವತ್ತು ಸಂಜೆ ಬರುವವನಿದ್ದ. ಸ್ಕೂಲಿಗೆ ಇದ್ದದ್ದು ಇದೊಂದೇ ಕಾರು. ಕಾರು ಹೋದರೆ ಮೇಡಂ ಮತ್ತೆ ಬರೀ ಅಕ್ಕ.

ಮೆಕ್ಯಾನಿಕ್ಕನನ್ನು ಎಲ್ಲರೂ ಮಸಿಯಣ್ಣ ಎನ್ನುತ್ತಿದ್ದರು. ಅವನು ವಾಲ್ವ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಪುಟ್ಟ ಬಾಗಿಲು ಅದು. ಮಸಿ ಮೆತ್ತಿ ಮೆತ್ತಿ, ಮುಚ್ಚಲೂ ಆಗದೆ ತೆರೆಯಲೂ ಆಗದೆ ಅರೆಬಾಯಿ ಬಿಟ್ಟುಕೊಂಡು ಕೂತಿತ್ತು. ಸತ್ತಿಲ್ಲ, ಕಟ್ಟಿಕೊಂಡಿದೆ ಎಂದ. ಸ್ಪ್ರೇ ಹೊಡೆದ, ಬ್ರಷ್ಷಿನಲ್ಲಿ ಉಜ್ಜಿದ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ, ಇಂಜಿನ್ ಕೆಟ್ಟಿದೆ ಎಂದು ಮೀಟರಿನಲ್ಲಿ ಉರಿಯುತ್ತಿದ್ದ ಹಳದಿ ದೀಪ ಆರಿಸಿದ.

“ಯಾಕೆ ಹೀಗಾಯ್ತು?” ಎಂದಳು ಮೇಡಂ.

“ನೀವು ಒಳ್ಳೆಯವರಲ್ವಾ, ಅದಕ್ಕೆ. ದಿನವಿಡೀ ಒಂದು, ಎರಡು, ನಿಲ್ಲು. ಒಂದು, ಎರಡು, ನಿಲ್ಲು. ಇಂಜಿನ್ ಮೈ ಬಿಸಿ ಮಾಡ್ಕೊಳ್ಳೋದು ಯಾವಾಗ?”

ಉಜ್ಜಿದ್ದು ಸಾಲದು, ದೊಡ್ಡ ರಸ್ತೆಯಲ್ಲಿ ಒಂದು ತಾಸು ನಾಲ್ಕನೇ ಗೇರಿನಲ್ಲಿ ಓಡಬೇಕು, ಉಳಿದ ಮಸಿ ಸುಟ್ಟುಹೋಗಬೇಕು ಎಂದ. ಅಷ್ಟಾದ ಮೇಲೂ ದೀಪ ಹತ್ತದಿದ್ದರೆ ಹಳೇ ವಾಲ್ವೇ ಸಾಕು. ಹತ್ತಿದರೆ ಗಿರಾಕಿಗೆ ಕೊಟ್ಟುಬಿಡಿ. ಮೇಡಂ ಕೀಲಿಯನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ನಾನು ಓಡಿಸಿದ್ರೆ ಇವತ್ತಿಗೆ ಸರಿ. ಮುಂದಿನ ವಾರ? ಇದಕ್ಕೆ ವಾರಕ್ಕೊಂದ್ಸಲ ಈ ಓಟ ಬೇಕು ಮೇಡಂ.”

ಹಾಗೆ ಮಸಿಯಣ್ಣ ಅವಳ ಜಾಗದಲ್ಲಿ ಕೂತ, ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕಿನ ಪಕ್ಕ. ಅವಳ ತಮ್ಮ ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಕೂತ. ಇಂಜಿನ್ನಿನ ಕರುಳು ಬಲ್ಲ ಮಸಿಯಣ್ಣ ಹಿಂದೆ ಅವಳ ಹತ್ತಿರವೇ ಓಡಿಸಲು ಕಲಿತು, ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ. ತಪ್ಪು ಮೇಡಂದು. ಅವನು ಯೋಚಿಸುವ ಮೊದಲೇ ಅವಳ ಕಾಲು ಬ್ರೇಕ್ ಒತ್ತಿಬಿಡುತ್ತಿತ್ತು. ಪರೀಕ್ಷೆಯ ದಿನ ಆ ಕಾಲಿರಲಿಲ್ಲ. ಮೂರನೇ ಸಲ ಅವಳು ಫೀಸು ತೆಗೆದುಕೊಳ್ಳದೆ ಕಲಿಸಿ ಪಾಸು ಮಾಡಿಸಿದ್ದಳು.

ದೊಡ್ಡ ರಸ್ತೆಗೆ ಬಂದಾಗ ಅವಳ ಕೈ ಗೇರಿನ ಮೇಲೆ ಹಾಗೇ ಇತ್ತು. ಮೂರರಲ್ಲಿ ಇಂಜಿನ್ ಒರಲುತ್ತಿತ್ತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು.

“ಭಯ ಮನೇಲಿಟ್ಟು ಬನ್ನಿ ಅಂತ ನಮಗೆ ಹೇಳ್ತಿದ್ರಿ,” ಎಂದ ಮಸಿಯಣ್ಣ.

“ನಿಮ್ಮ ಕಾಲು ಬ್ರೇಕ್ ಮೇಲಿದೆ ತಾನೆ?”

“ಇಲ್ಲ.” ಅವನು ಎರಡೂ ಕಾಲು ಸೀಟಿನ ಮೇಲೆ ಮಡಚಿ, ಊಟಕ್ಕೆ ಕೂತವನಂತೆ ಕೂತಿದ್ದ. “ನಿಮ್ಮ ತಪ್ಪು ನಾನು ಮಾಡಲ್ಲ.”

ಹಿಂದಿನ ಸೀಟಿನಲ್ಲಿ ಅವಳ ತಮ್ಮ ಕಣ್ಣು ಮುಚ್ಚಿಕೊಂಡ. ಅವಳು ನಾಲ್ಕಕ್ಕೆ ಹಾಕಿದಳು. ಕಾರು ಮೊದಲು ಮುಗ್ಗರಿಸಿತು, ಆಮೇಲೆ ಬಾಲದಿಂದ ಒಂದು ದೊಡ್ಡ ಕರಿಮೋಡ ಬಿಟ್ಟಿತು, ಆಮೇಲೆ ಹಗುರಾಗಿ ಓಡತೊಡಗಿತು. ಲಾರಿ ಹಿಂದೆ ಉಳಿಯಿತು. ಐದಕ್ಕೆ ಹಾಕಬೇಡಿ, ಇದರಲ್ಲೇ ಕೂಗಲಿ ಎಂದ ಮಸಿಯಣ್ಣ. ಅವಳಿಗೆ ಐದು ನೆನಪಿಗೂ ಬಂದಿರಲಿಲ್ಲ. ಅರ್ಧ ದಾರಿಯಲ್ಲಿ ನೆತ್ತಿಯ ಮೇಲೆ ಏನೋ ಪಟಪಟ ಹೊಡೆದುಕೊಂಡಿತು, ಟಣ್ ಎಂದಿತು, ಸದ್ದು ನಿಂತಿತು. ಹಿಂದಿನ ಗಾಜಿನಲ್ಲಿ ನೋಡಿದ ತಮ್ಮ, ಅಕ್ಕ, ಬೋರ್ಡು ಹಾರಿಹೋಯ್ತು ಎಂದ. ಅವಳು ಕಾಲು ಸಡಿಲಿಸಲಿಲ್ಲ.

ಗ್ಯಾರೇಜಿಗೆ ಮರಳಿದರು. ದೀಪ ಹತ್ತಿರಲಿಲ್ಲ. ಹೊಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿತ್ತು. ಮೇಡಂ ಕೂಲಿ ಎಷ್ಟೆಂದು ಕೇಳಿದಳು. ಮೂರನೇ ಸಲ ನೀವೆಷ್ಟು ತಗೊಂಡ್ರಿ ಎಂದ ಅವನು. ಅವಳು ಬಾನೆಟ್ ಮೇಲೆ ಅಂಗೈ ಇಟ್ಟಳು. ಕಾದ ಹೆಂಚಿನಂತೆ ಸುಡುತ್ತಿತ್ತು. ಆದರೂ ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಅಷ್ಟರಲ್ಲಿ ಗಿರಾಕಿಯ ಫೋನ್ ಬಂತು. ಫೋನೆತ್ತಿದ ತಮ್ಮ, ಅಕ್ಕನ ಮುಖ ನೋಡಿದ.

“ಕಾರು ಕೊಡಲ್ಲ ಸಾರ್,” ಎಂದ. “ಬೋರ್ಡು ಬೇಕಿದ್ರೆ ದೊಡ್ಡ ರಸ್ತೇಲಿ ಬಿದ್ದಿದೆ, ಎತ್ಕೊಳ್ಳಿ.”

ಆ ದಿನ ಕಳೆದುಕೊಂಡದ್ದು ಇಷ್ಟು: ಒಂದು ಗ್ಯಾಸ್ಕೆಟ್, ಐದಾರು ಲೀಟರ್ ಡೀಸೆಲ್, ‘ನಿಧಾನವೇ ಪ್ರಧಾನ’.