ವಿಲ್ಲಿಕೂಮ್‌ಗೆ ಮರಳಿದವನು

ಇಲ್ಲದ ಬಾಗಿಲೊಂದನ್ನು ಆತ ಹುಡುಕುತ್ತಿದ್ದ.

ವಿಲ್ಲಿಕೂಮ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕುಳಿತಿದ್ದ ಹಿಲರಿ ಕತ್ತು ಚಾಚಿ ನೋಡಿದಳು. ಹೊಸದಾಗಿ ಸೇರಿದ ಸ್ವಯಂಸೇವಕ, ಮುದುಕ ಸಿರಿಲ್, ಕಂದೀಲು ಹಿಡಿದು ಪ್ಲಾಟ್‌ಫಾರ್ಮಿನ ಗೋಡೆಯ ಮುಂದೆ ನಿಂತು ಇಟ್ಟಿಗೆಗಳ ಮೇಲೆ ಅಂಗೈ ಸವರುತ್ತಿದ್ದ. ದೀಪದ ಕೋಣೆಯ ಬಾಗಿಲು ಒಂದು ಕಾಲಕ್ಕೆ ಅಲ್ಲೇ ಇತ್ತು. ಹಿಂದೆ ರೈಲು ನಿಂತುಹೋದ ವರ್ಷವೇ ಅದನ್ನು ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿದ್ದರು.

"ಈ ಕಡೆ ಮೊದಲು ಬಂದಿದ್ರಾ?" ಎಂದು ಅವನು ಸೇರಿದ ದಿನವೇ ಅವಳು ಕೇಳಿದ್ದಳು.

"ಇಲ್ಲ ಹಿಲರಿ ಅವರೇ. ಇದೇ ಮೊದಲು."

ಸುಳ್ಳು.

ಹಿಲರಿಯ ಬಾಲ್ಯದಲ್ಲಿ ಅವಳ ಅಪ್ಪ ಇಲ್ಲಿ ಸ್ಟೇಷನ್ ಮಾಸ್ಟರ್. ಮನೆ ನಿಲ್ದಾಣದ ಮಹಡಿಯಲ್ಲೇ. ಅಣ್ಣ ಡೆರಿಕ್ ಅಪ್ಪನೊಂದಿಗೆ ಮಾತಿಗೆ ಮಾತು ಬೆಳೆಸಿ, ಒಂದು ಬೆಳಿಗ್ಗೆ ಮೊದಲ ಬಂಡಿ ಹತ್ತಿದವನು ಮರಳಲಿಲ್ಲ. ಜಗಳ ಯಾತಕ್ಕೆಂದು ಚಿಕ್ಕವಳಾದ ಅವಳಿಗೆ ಯಾರೂ ಹೇಳಲಿಲ್ಲ. ಆಮೇಲೆ ರೈಲು ನಿಂತಿತು. ಹಳಿ ಕಿತ್ತೊಯ್ದರು. ಹಳಿಯಿಲ್ಲದ ಪ್ಲಾಟ್‌ಫಾರ್ಮಿನಲ್ಲೂ ಅಮ್ಮ ಸಂಜೆ ಹೊತ್ತು ಬಂದು ನಿಲ್ಲುತ್ತಿದ್ದಳು, ಸಾಯುವ ತನಕ.

ಊರಿನ ಹಳೇ ರೈಲಿನ ಹುಚ್ಚರು ಮತ್ತೆ ಹಳಿ ಹಾಸಿ ಉಗಿಬಂಡಿ ಓಡಿಸಲು ಹೊರಟಾಗ ಮೊದಲು ಸೇರಿದವಳು ಹಿಲರಿ. ಬಂಡಿ ಬಂದಾಗಲೆಲ್ಲ ಇಳಿಯುವವರ ಮುಖಗಳನ್ನು ಹುಡುಕುವುದು ಅವಳಿಗೂ ಅಂಟಿಕೊಂಡಿತು. ತನ್ನ ಕಣ್ಣೊಳಗೆ ಅಮ್ಮನೇ ನಿಂತು ನೋಡುತ್ತಿದ್ದಾಳೆ ಅನಿಸಿ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು.

ಈಗ ಈ ಸಿರಿಲ್. ಮಹಡಿ ಹತ್ತುವಾಗ ಕಿರುಗುಟ್ಟುವ ಮೆಟ್ಟಿಲನ್ನು ಮೊದಲ ಸಲವೇ ದಾಟಿ ಕಾಲಿಟ್ಟ. ನೀರಿನ ತೊಟ್ಟಿಯ ಪಕ್ಕದ ಪ್ಲಮ್ ಮರ ಏನಾಯಿತೆಂದು ಕೇಳಿದ. ಅದು ಬಿದ್ದು ಎಷ್ಟೋ ಕಾಲವಾಗಿತ್ತು. ಅವನದು ಬೂದುಗಣ್ಣು, ಅಣ್ಣನದೂ ಅದೇ.

"ಏನ್ ಹಿಲರಿ, ಹೊಸಬರ ಮೇಲಿಂದ ಕಣ್ಣೇ ಕೀಳ್ತಿಲ್ವಲ್ಲ," ಎಂದು ಎಂಜಿನ್ ಚಾಲಕ ರಾಯ್ ಕಾಲೆಳೆದ. "ಮದುವೆ ಊಟಕ್ಕೆ ನಮ್ಮನ್ನೂ ಕರೀತೀಯ ತಾನೇ?"

"ನಿನ್ನ ಬಾಯಿಗಿಷ್ಟು ಕಲ್ಲಿದ್ದಲು ಹಾಕ್ತೀನಿ ನೋಡು," ಎಂದಳು. ನಗು ಬರಲಿಲ್ಲ.

ಅವನನ್ನು ಪರೀಕ್ಷಿಸಲೆಂದು ಅಮ್ಮನ ಫೋಟೋ ತಂದಳು. ಚಹಾ ಕುಡಿಯುವಾಗ ಅವನ ಮುಂದಿಟ್ಟಳು.

"ಯಾರಿವರು?"

"ನಮ್ಮಮ್ಮ."

ಅವನು ಫೋಟೋ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. "ಹೀಗಿದ್ರಾ," ಎಂದ, ಅಷ್ಟೇ.

ಹೆತ್ತವಳನ್ನೇ ಯಾರೆಂದು ಕೇಳುವವನು ಮನುಷ್ಯನೇ? ಅವಳ ಎದೆಯಲ್ಲಿ ಅಷ್ಟು ವರ್ಷ ಇದ್ದ ಹಂಬಲ ಆ ಕ್ಷಣದಲ್ಲಿ ಸಿಟ್ಟಾಯಿತು.

ಚಳಿಗಾಲಕ್ಕೆ ಬಂಡಿ ನಿಲ್ಲಿಸುವ ಮುಂಚಿನ ಕೊನೆಯ ಭಾನುವಾರ ಮಧ್ಯಾಹ್ನದ ಬಂಡಿ ಹೊರಟುಹೋಯಿತು. ಹೊಗೆಯೂ ಮಂಜೂ ಕಲೆತು ಆಚೆಯ ಹೊಲ ಕಾಣದಾಯಿತು. ಬೆಂಚಿನ ಮೇಲೆ ಸಿರಿಲ್ ಕಂದೀಲಿನ ಗಾಜು ಒರೆಸುತ್ತಿದ್ದ. ಹಿಲರಿ ಪಕ್ಕದಲ್ಲಿ ಕುಳಿತಳು.

"ಡೆರಿಕ್."

ಒರೆಸುತ್ತಿದ್ದ ಕೈ ನಿಂತಿತು.

"ಸಾಕು ಬಿಡೋ ನಾಟಕ. ಅಮ್ಮ ಇಲ್ಲೇ, ಈ ಚಳೀಲಿ ನಿಂತು ನಿಂತು ಸತ್ತಳು. ನೀನು ಬಂದು ಒಂದು ಬೇಸಿಗೆ ಕಳೀತು. ತಂಗಿ ಅಂತ ಒಂದು ಸಲ ಕರೆಯೋಕಾಗ್ಲಿಲ್ವಾ?"

ಅವನು ಕಂದೀಲನ್ನು ಕೆಳಗಿಟ್ಟು ಅವಳತ್ತ ತಿರುಗಿದ. ಕಣ್ಣು ತುಂಬಿತ್ತು.

"ನಾನು ಡೆರಿಕ್ ಅಲ್ಲ. ಅವನು ಹೋದ ಚಳಿಗಾಲದಲ್ಲಿ ತೀರಿಕೊಂಡ. ನಿದ್ದೇಲೇ ಹೋದ, ನರಳಲಿಲ್ಲ. ಈ ಊರಿನ ಮಾತು ಎತ್ತದ ದಿನ ಇರಲಿಲ್ಲ ಅವನಿಗೆ. ಎಲ್ಲೆಲ್ಲಿ ಏನೇನಿದೆ ಅಂತ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಿದ್ದ. ಒಂದ್ಸಲ ನೋಡ್ಬೇಕು ಅನ್ನಿಸ್ತು, ಬಂದೆ. ನಿಮಗೆ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ."

ಹಿಲರಿಗೆ ಅಳುವೂ ಬರಲಿಲ್ಲ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಇಷ್ಟು ಆಸೆ ಇದ್ದವನು ಒಂದು ಸಲ ಬರಬಹುದಿತ್ತಲ್ಲ," ಎಂದಳು ಕೊನೆಗೆ. "ಯಾಕೆ, ಹೆಂಡತಿ ಬಿಡಲಿಲ್ವಾ?"

"ಹೆಂಡತಿ ಇರಲಿಲ್ಲ, ಹಿಲರಿ. ನಾನಿದ್ದೆ. ನನ್ನ ಬಿಟ್ಟು ಬರೋಕೆ ಅವನು ಒಪ್ಪಲಿಲ್ಲ, ಕರ್ಕೊಂಡು ಬರೋಕೆ ನಿಮ್ಮಪ್ಪ ಒಪ್ಪಲಿಲ್ಲ."