ಮಾವನಿಗೆ ಬೆರೆಸಿದ ಶೆರಿ

ಸೊಸೆ ಮುಂದಿಟ್ಟ ತಣ್ಣನೆಯ ಗ್ಲಾಸಿನತ್ತ ಮಾವ ಬಗ್ಗಿ ಮೂಸಿ ನೋಡಿದರು. "ಏನಮ್ಮಾ ಇದು, ಕೆಮ್ಮಿನ ಔಷಧಿನಾ?"

"ಶೆರಿ ಅಂತ ಮಾವ, ದ್ರಾಕ್ಷಿದು. ನಿಮ್ಮ ವಿಸ್ಕಿಯ ಅರ್ಧದಷ್ಟೂ ಅಮಲಿಲ್ಲ. ಅಪರೂಪಕ್ಕೊಂದು ಪರವಾಗಿಲ್ಲ ಅಂತ ಡಾಕ್ಟರನ್ನ ಕೇಳ್ಕೊಂಡೇ ತಂದಿದ್ದು."

ಬಸ್ಸು ಓಡಿಸಿ ನಿವೃತ್ತರಾದ ಮಾವ ಸಂಜೆಯಾದರೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿಯುತ್ತಿದ್ದವರು. ಎದೆನೋವು ಬಂದು ವಿಸ್ಕಿ ಬಿಟ್ಟ ಮೇಲಂತೂ ಮನೆಯವರೊಡನೆ ಮುಖ ಕೊಟ್ಟು ಮಾತನಾಡಿರಲಿಲ್ಲ. ಬೇಕರಿಯಲ್ಲಿ ಕೇಕು ಮಾಡುವ ಸೊಸೆಗೆ ಅದೇ ಕೊರಗು. ಅವತ್ತು ಅವಳು ಶೆರಿಗೆ ವರ್ಮೂತ್ ಎಂಬ ಗಿಡಮೂಲಿಕೆಯ ವೈನನ್ನು ಒಂದಿಷ್ಟು ಸೇರಿಸಿ, ಐಸು ಹಾಕಿ ನಿಧಾನವಾಗಿ ಕಲಕಿ, ಮೇಲೆ ಕಿತ್ತಳೆ ಸಿಪ್ಪೆ ಹಿಂಡಿದ್ದಳು.

ಮಾವ ಒಂದು ಗುಟುಕು ಹೀರಿ ಬಾಯಲ್ಲೇ ಹೊರಳಿಸಿದರು. "ಹುರಿದ ಬಾದಾಮಿ ಅಗಿದ ಹಾಗಿದೆಯಲ್ಲ" ಎಂದು ಗ್ಲಾಸು ಹಿಡಿದೇ ಎದ್ದರು. ಇನ್ನು ಕೋಣೆ ಸೇರಿದ ಹಾಗೆಯೇ ಎಂದುಕೊಂಡು ಸೊಸೆ ಸಪ್ಪಗಾಗಿ ಬಾಟಲಿಗೆ ಮುಚ್ಚಳ ಹಾಕತೊಡಗಿದಳು. ಮಾವ ಕಪಾಟಿನಿಂದ ಇನ್ನೊಂದು ಗ್ಲಾಸು ತಂದು ಅವಳ ಮುಂದಿಟ್ಟರು. ಎದುರಿನ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು.

"ನಿಂಗೂ ಒಂಚೂರು ಮಾಡ್ಕೋಮ್ಮಾ. ಒಬ್ಬನೇ ಕುಡಿದೂ ಕುಡಿದೂ ಸಾಕಾಗಿದೆ."