ಪಕ್ಕದ ಮನೆಯ ಮಲ್ಲಿಗೆ

ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ ಐದು ಸಾವಿರ ದಂಡ ಎಂದು ಜಲಮಂಡಳಿಯವರು ಸಾರಿ ತಿಂಗಳಾಗಿತ್ತು. ಬೀದಿಯ ಗಿಡಗಳೆಲ್ಲ ಒಣಗಿ ನಿಂತಿದ್ದರೂ ಪಕ್ಕದ ಮನೆಯ ಪಂಕಜಮ್ಮನ ಮಲ್ಲಿಗೆ ಬಳ್ಳಿ ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಅವನಿಗೆ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

"ಆಯಮ್ಮನಿಗೆ ನೀರು ಎಲ್ಲಿಂದ ಬರುತ್ತೆ? ನಮ್ಮ ಸಂಪೇ ಎರಡು ದಿನಕ್ಕೆ ಖಾಲಿಯಾಗ್ತಿದೆ" ಎಂದ ಹೆಂಡತಿಗೆ.

"ಪಾತ್ರೆ ತೊಳೆದ ನೀರು ಹಾಕ್ತಾರೇನೋ. ನಿಮಗ್ಯಾಕೆ ಊರ ಉಸಾಬರಿ?" ಎಂದಳು ಅವಳು, ಮುಡಿದ ಹೂವನ್ನು ಸರಿಮಾಡಿಕೊಳ್ಳುತ್ತ.

"ಪಾತ್ರೆ ತೊಳೆದ ನೀರಿಗೆ ಇಷ್ಟು ಹೂ ಬಿಡುತ್ತಾ? ಏನೋ ಕಳ್ಳಾಟ ಇದೆ. ದಿನಾ ನಿನಗೆ ಮೊಳ ಹೂ ಕೊಡ್ತಾಳೆ ಅಂತ ವಹಿಸ್ಕೊಂಡು ಬರಬೇಡ."

ಮರುದಿನ ಆಫೀಸಿಗೆ ಹೊರಟವನು ಕಾಂಪೌಂಡಿನ ಮೇಲಿಂದ ಇಣುಕಿದ. ಬಳ್ಳಿಯ ಬುಡದಲ್ಲಿ ಒಂದು ಹಸಿರು ಪೈಪು ಬಿದ್ದಿತ್ತು, ಅದರಿಂದ ನೀರು ಹರಿಯುತ್ತಿತ್ತು. ಫೋಟೋ ತೆಗೆದು ಮಂಡಳಿಗೆ ಕಳಿಸಿಬಿಟ್ಟ.

ಶನಿವಾರ ಬೆಳಿಗ್ಗೆ ಮಂಡಳಿಯ ಇನ್‌ಸ್ಪೆಕ್ಟರು ಬಂದು ಪಂಕಜಮ್ಮನ ಗೇಟು ತೆರೆದರು. ಅವನು ಕಿಟಕಿಯಲ್ಲೇ ನೋಡುತ್ತ ನಿಂತ. ಹೆಂಡತಿ ಯಾಕೋ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರು ಇವನ ಬಾಗಿಲನ್ನೇ ತಟ್ಟಿದರು.

"ಫೋಟೋ ಕಳಿಸಿದ್ದು ನೀವೇನಾ ಸಾರ್?"

"ನಾನೇ. ದಂಡ ಹಾಕಿದ್ರಾ?"

"ಈಗ ಬರೀತೀನಿ. ಆ ಪೈಪು ಹಿಡ್ಕೊಂಡೇ ಬಂದೆ, ನಿಮ್ಮ ಹಿತ್ತಲ ನಲ್ಲಿಗೆ ಬಂದು ಸೇರ್ತು. ನಿಮ್ಮ ಹೆಸರು ಹೇಳಿ."